ಮೂರು ಹಂತದ ಮಣ್ಣಿನ ಕಾಂಪೋಸ್ಟ್ ಗಡಿಗಿ: 14 ತಿಂಗಳು ಬಳಸಿದ ಮ್ಯಾಲ

ಮೊದಲ ಹೇಳಿಬಿಡ್ತೀನಿ, ಅಡಿಗಿಮನಿ ಹಸಿ ಕಸ ಗೊಬ್ಬರ ಮಾಡೋ ಈ ಗಡಿಗಿಗೆ ಐದಕ್ಕ ನಾಕು ಸ್ಟಾರ್. ಉಳಿದ ಒಂದು ಸ್ಟಾರ್ ಯಾಕ ಹೋತು ಅನ್ನೋದು ಕೆಳಗ ಬರ್ತದ. ನಾವು ಪುಣೆದಾಗ ವಾರಜೆ ಕಡೆ ಇರ್ತೀವಿ, ಮೂಲ ಧಾರವಾಡದವರು, 2 ಬಿಎಚ್‌ಕೆ ಮನಿ, ನಾಕನೇ ಮಹಡಿ, ನಮ್ಮತ್ತಿ, ನಮ್ಮನಿಯವರು, ನಾನು, ಎಂಟನೇ ಕ್ಲಾಸಿನ ಮಗ, ನಾಕನೇ ಕ್ಲಾಸಿನ ಮಗಳು, ಹಿಂಗ ಐದು ಮಂದಿ. ತರೂಕಿಂತ ಮೊದಲ ಹತ್ತು ದಿನ ಹಸಿ ಕಸ ತೂಗಿ ನೋಡಿದ್ವಿ, ದಿನಕ್ಕ ಸರಾಸರಿ 900 ಗ್ರಾಂ ಆಗ್ತಿತ್ತು, ಕಾಯಿಪಲ್ಯೆ ಸಿಪ್ಪಿ, ಚಹಾ ಪುಡಿ, ದೇವರ ಹೂವು ಎಲ್ಲಾ ಹಿಡದು. ಒಂದು ಮನಿಯಿಂದ ವರ್ಷಕ್ಕ 300 ಕೆಜಿ ಮ್ಯಾಲ ಅಂತ ಮಗ ಲೆಕ್ಕಾ ಮಾಡಿ ಹೇಳಿದಾಗ ನಮ್ಮನಿಯವರು ಅವತ್ತ ಆರ್ಡರ್ ಹಾಕಿದ್ರು.

ಸೆಟ್ಟಿಗೆ 3,400 ರೂಪಾಯಿ ಬಿತ್ತು. ಒಂದರ ಮ್ಯಾಲ ಒಂದು ಮೂರು ಗಡಿಗಿ, ಮ್ಯಾಲೊಂದು ಮುಚ್ಚಳ, ಎಲ್ಲಾ ಏರಿಸಿದ್ರ ನನ್ನ ಸೊಂಟದ ಎತ್ತರ ಬರ್ತದ. ಗಾಳಿ ಆಡಬೇಕು, ಮಳಿ ಹೊಡೀಬಾರದು, ಅಂಥಾ ಜಾಗಾ ನಮ್ಮನ್ಯಾಗ ಅಂದ್ರ ಅಡಿಗಿಮನಿ ಹಿಂದಿನ ಗ್ಯಾಲರಿ ಒಂದ. ಅಲ್ಲಿ ಕಾಲಿಡ್ಲಿಕ್ಕೆ ಜಾಗಾ ಇರ್ಲಿಲ್ಲ. ಕೆಟ್ಟ ಕೂಲರ್, ಮಗನ ಸಣ್ಣ ಸೈಕಲ್, ರದ್ದಿ, ಎರಡು ಗೋಣಿಚೀಲ ಹಳೇ ಅರಿವಿ, ಮತ್ತ ಹೋಟೆಲ್ ಪಾರ್ಸೆಲ್ ಬಂದಿದ್ದ ಪ್ಲಾಸ್ಟಿಕ್ ಡಬ್ಬಿ ತುಂಬಿದ ಒಂದು ದೊಡ್ಡ ಟಬ್. ಗಡಿಗಿ ಬರೋ ಮುಂಚಿನ ರವಿವಾರ ಎಲ್ಲಾರೂ ಕೂಡಿ ಕೂತ್ವಿ. ಮಕ್ಕಳು ಡಬ್ಬಿ ಮುಚ್ಚಳ ಎಲ್ಲಾ ನೆಲದ ಮ್ಯಾಲ ಹರವಿ ಜೋಡಿ ಹಚ್ಚಿದ್ರು, 43 ಡಬ್ಬಿಗೆ ಮುಚ್ಚಳ ಕೂಡಿದ್ದು 17ಕ್ಕ ಅಷ್ಟ. ಉಳಿದ 26 ಡಬ್ಬಿ ನಾವು ಎಷ್ಟು ವರ್ಷದಿಂದ ಕಾಯ್ಕೊಂಡು ಕೂತಿದ್ವಿ ಅಂತ ಯಾರಿಗೂ ನೆಪ್ಪಿಲ್ಲ. ರದ್ದಿ 38 ಕೆಜಿ ಆತು. ಹಳೇ ಅರಿವಿ ತಗೊಂಡು ಪಾತ್ರೆ ಕೊಡೋ ಭಾಂಡೀವಾಲಿಗೆ ಕೊಟ್ವಿ, ಆಕಿ ಸ್ಟೀಲಿನ ಪಾತೇಲಿ ತಗದು ತೋರಿಸಿದ್ರ ನಮ್ಮತ್ತಿ "ಬ್ಯಾಡ ಮಾವಶಿ, ಪಾತೇಲಿ ಮನ್ಯಾಗ ಹನ್ನೊಂದು ಅವ" ಅಂದು ಒಂದು ದೊಡ್ಡ ತೂತಿನ ಚಾಳಣಿ ತಗೊಂಡ್ರು. ಆ ಚಾಳಣಿ ಈಗ ಸಿಂಕ್ ಬಾಜೂಕ ಇರ್ತದ, ಸಿಪ್ಪಿ ಎಲ್ಲಾ ಅದರಾಗ ಬೀಳ್ತದ, ನೀರು ಬಸದು ಹೋಗ್ತದ. ಕಾಂಪೋಸ್ಟ್ ಮಾಡಾವ್ರಿಗೆ ಇದಕ್ಕಿಂತ ಉಪಯೋಗದ ಸಾಮಾನಿಲ್ಲ, ಕಂಪನಿಯವರು ಇದನ್ನ ಎಲ್ಲೂ ಹೇಳೂದಿಲ್ಲ.

ಈಗ ಗಡಿಗಿ ಹೆಂಗ ಕೆಲಸ ಮಾಡ್ತದಂತ ಹೇಳ್ತೀನಿ. ಮ್ಯಾಲಿನ ಎರಡು ಗಡಿಗಿಗೆ ತಳಾ ಇಲ್ಲ, ಹಗ್ಗದ ಜಾಳಿಗಿ ಹಾಕಿರ್ತಾರ, ಕೆಳಗಿಂದಕ್ಕ ತಳಾ ಇರ್ತದ. ದಿನಾ ಕಸ ಮ್ಯಾಲಿನದ್ರಾಗ ಹಾಕೂದು, ಹಾಕಿದಷ್ಟೂ ಸಲ ಮ್ಯಾಲ ಒಣಾ ಎಲಿ ಮುಚ್ಚೂದು. ಅದು ತುಂಬಿದ ಮ್ಯಾಲ ನಡುವಿಂದು ಮ್ಯಾಲ, ಮ್ಯಾಲಿಂದು ನಡುವ, ಅಂದ್ರ ತುಂಬಿದ್ದು ಕೆಳಗಿಳದು ಹಣ್ಣಾಗ್ತಾ ಕೂಡ್ತದ. ಎರಡೂ ತುಂಬಿದ ಮ್ಯಾಲ ಹಳೇದನ್ನ ಕೆಳಗಿನ ಗಡಿಗಿಗೆ ಸುರುವೂದು. ನಮಗ ಮೊದಲ ದಿನದಿಂದ ಗೊಬ್ಬರ ಕೈಗೆ ಬರೂತನಕ ಸುಮಾರು ಮೂರು ತಿಂಗಳು ಹಿಡೀತು. ಮಣ್ಣಿನ ಗ್ವಾಡಿ ಉಸಿರಾಡ್ತದ, ಒಳಗಿನ ತೇವ ಹೊರಗ ಹೋಗ್ತದ, ಹೊರಗಿನ ಗಾಳಿ ಒಳಗ ಬರ್ತದ, ಪ್ಲಾಸ್ಟಿಕ್ ಬಿನ್ನಿಗೂ ಇದಕ್ಕೂ ಇರೋ ಫರಕು ಇದ. ಪ್ಲಾಸ್ಟಿಕ್ ಬಿನ್ ನಮ್ಮ ಎದುರು ಮನಿಯವರ ಹತ್ರ ಅದ, ಅದರ ತಳದಾಗ ನೀರು ನಿಲ್ತದ, ನಳ ಬಿಟ್ಟು ತೆಗೀತಾರ, ಆ ವಾಸನಿ ನಮ್ಮತ್ತಿಗೆ ತಡಿಯೂದಿಲ್ಲ.

ಪಾರ್ಸೆಲ್ ಬಿಚ್ಚಿದಾಗ ನಡುವಿನ ಗಡಿಗಿ ಸೀಳಿತ್ತು. ಫೋಟೋ ಕಳಿಸಿದ್ವಿ, ಬದಲಿ ಕಳಸ್ತೀವಿ ಅಂದ್ರು, ಮೂರು ವಾರ ಆದ್ರೂ ಬರ್ಲಿಲ್ಲ, ಪ್ರತಿ ಸಲ ಬ್ಯಾರೆ ಬ್ಯಾರೆ ಮಂದಿ ಫೋನ್ ಎತ್ತತಿದ್ರು, ಮತ್ತ ಮೊದಲಿಂದ ಹೇಳಬೇಕು. ಕಡೀಕ ನಮ್ಮನಿಯವರು ಕಸಬಾ ಪೇಠದ ಕುಂಭಾರ ವೇಶಿಗೆ, ಅಂದ್ರ ಕುಂಬಾರರ ಓಣಿಗೆ, ಆ ಸೀಳಿದ ಗಡಿಗೀನ ಗಾಡಿ ಮ್ಯಾಲ ಇಟ್ಕೊಂಡು ಹೋದ್ರು. ಅಲ್ಲಿ ಒಬ್ಬ ಅಜ್ಜಾವ್ರು ಅದನ್ನ ಕೈಯಾಗ ತಿರುಗಿಸಿ ನೋಡಿ, ಬಾಯಿ ಅಂಚಿನ ಕೆಳಗ ಬೈಂಡಿಂಗ್ ತಂತಿ ಎರಡು ಸುತ್ತು ಬಿಗದು, ಸೀಳಿಗೆ ಒಳಗಿಂದ ಸಿಮೆಂಟ್ ಮೆತ್ತಿ ಕೊಟ್ರು. ಅದು ಇವತ್ತಿಗೂ ಗಟ್ಟಿ ಅದ. ಹಂಗಾಗಿ ನನ್ನ ಮಾತು ಏನಂದ್ರ, ಆನ್‌ಲೈನ್ ತರಿಸಬ್ಯಾಡ್ರಿ, ಪುಣೆದಾಗ ಇದ್ದವ್ರು ಹೋಗಿ ಕೈಯಿಂದ ತಟ್ಟಿ ಟಣ್ ಅಂತ ಸಪ್ಪಳ ಕೇಳಿ ತರ್ರಿ.

ಮೊದಲನೇ ತಿಂಗಳು ನಾವು ತಪ್ಪು ಮಾಡಿದ್ವಿ. ಸಿಪ್ಪಿ ಹಾಕಿದ್ದು ಭಾಳ, ಒಣಾ ಎಲಿ ಹಾಕಿದ್ದು ಒಂದು ಚಿಟಿಕಿ, ಉಪ್ಪು ಹಾಕಿದಂಗ. ಹನ್ನೆರಡು ದಿನಕ್ಕ ಗ್ಯಾಲರಿ ಬಾಗಲಾ ತಗದ್ರ ಹುಳಿ ವಾಸನಿ, ಸಿಪ್ಪಿ ಎಲ್ಲಾ ಅಂಟಂಟಾಗಿ ಮುದ್ದಿ ಆಗಿತ್ತು. ಓದಿ ತಿಳಕೊಂಡ ಮ್ಯಾಲ ಗೊತ್ತಾತು, ಹಸಿ ಕಸದಾಗ ನೈಟ್ರೋಜನ್ ಹೆಚ್ಚು, ಒಣಾ ಎಲಿಯಾಗ ಕಾರ್ಬನ್ ಹೆಚ್ಚು, ಕೊಳೆಸೋ ಜೀವಾಣುಗಳಿಗೆ ನೈಟ್ರೋಜನ್ನಿನ ಸುಮಾರು 25ರಿಂದ 30 ಪಟ್ಟು ಕಾರ್ಬನ್ ಬೇಕು, ಗಾಳಿನೂ ಬೇಕು. ಗಾಳಿ ಸಿಗದಿದ್ರ ಬ್ಯಾರೆ ಜಾತಿ ಬ್ಯಾಕ್ಟೀರಿಯಾ ಬೆಳೀತಾವ, ವಾಸನಿ ಅವುಗಳದ್ದು. ಅದಕ್ಕ ಈಗ ಒಂದು ಡಬ್ಬಿ ಸಿಪ್ಪಿ ಬಿದ್ರ ಅದರ ಮ್ಯಾಲ ಅದಾ ಡಬ್ಬಿ ತುಂಬ ಚೂರಾ ಎಲಿ. ವಾರಕ್ಕೆರಡು ಸಲ ಕೋಲಿನಿಂದ ತಿರುವೂದು, ಈ ಕೆಲಸ ನಮ್ಮನಿಯವರದು. ಒಂದು ಮುಷ್ಟಿ ತಗದು ಹಿಚುಕಿದ್ರ ಕೈ ಒದ್ದಿ ಆಗಬೇಕು, ನೀರು ಹನಿ ಬೀಳಬಾರದು. ಆರಂಭಕ್ಕ ಅಂತ ಕಂಪನಿಯವರು ಕೊಡೋ ಪೌಡರ್ ಪಾಕೀಟು ಒಂದು ಸಲ ತಗೊಂಡ್ವಿ, ಆಮ್ಯಾಲ ನಮ್ಮತ್ತಿ ಹುಳಿ ಮಜ್ಜಿಗಿ ಚಿಮಕಿಸಿ ನೋಡಿದ್ರು, ಏನೂ ಫರಕಿಲ್ಲ. ತಿಂಗಳಾ ತಿಂಗಳಾ ಆ ಪೌಡರಿಗೆ ರೊಕ್ಕ ಹಾಕೂದು ಬೇಕಾಗಿಲ್ಲ.

ಒಣಾ ಎಲಿ ಎಲ್ಲಿಂದ ತರೂದು ಅನ್ನೋದ ಈ ಗಡಿಗಿಯ ಖರೇ ಪ್ರಶ್ನೆ. ಪುಣೆದಾಗ ಫೆಬ್ರುವರಿ ಮಾರ್ಚ್‌ದಾಗ ಎಲಿ ಉದುರ್ತಾವ, ನಮ್ಮ ಸೊಸೈಟಿಯ ಮಾಲಿ ಮೊದಲ ಗುಡಿಸಿ ಮೂಲಿಯೊಳಗ ಸುಡ್ತಿದ್ದ. ಈಗ ನಾನು, ಮಕ್ಕಳು ಹೋಗಿ ಗೋಣಿಚೀಲ ತುಂಬಿ ತರ್ತೀವಿ, ಐದು ಚೀಲ ಇದ್ರ ಮಳಿಗಾಲ ಮುಗಿಯೂತನಕ ಸಾಕು. ಎಲಿ ತೀರಿದಾಗ ಕೋಕೋಪೀಟ್, ಅಂದ್ರ ತೆಂಗಿನ ನಾರಿನ ಪುಡಿ, ನಡೀತದ, 5 ಕೆಜಿ ಇಟ್ಟಿಗಿ ನೀರಾಗ ನೆನಸಿದ್ರ ಮೂರು ನಾಕು ಬಕೆಟ್ ಉಬ್ತದ, ಆದ್ರ ಕೊಳ್ಳಬೇಕಾಗ್ತದ. ಒಣಗಿಸಿ ಹಾಕಬೇಕು ಅನ್ನೋದನ್ನೂ ಮರೀಬ್ಯಾಡ್ರಿ.

ಮೇ ತಿಂಗಳದಾಗ ಮಾವಿನ ಹಣ್ಣಿನ ಸಿಪ್ಪಿ, ಗೊಪ್ಪ, ಜೂನ್‌ದಾಗ ಮಳಿ. ಇವೆರಡೂ ಕೂಡಿ ಬಂದಾಗ ನಾನು ಬಿಟ್ಟುಬಿಡೋಣು ಅಂತ ಮನಸ್ಸು ಮಾಡಿದ್ದೆ. ನೀರಿನ ಗಡಿಗಿ ಮಳಿಗಾಲದಾಗ ನೀರು ತಂಪ ಮಾಡೂದಿಲ್ಲಲ್ಲ, ಗ್ವಾಡಿಯಿಂದ ತೇವ ಆರೂದಿಲ್ಲ ಅಂತ, ಇಲ್ಲೂ ಅದಾ ಕಾರಣ, ಹೊರಗಿನ ಹವಾನ ಒದ್ದಿ ಇದ್ರ ಒಳಗಿನ ತೇವ ಎಲ್ಲಿಗೆ ಹೋಗಬೇಕು. ಮುಚ್ಚಳ ತಗದ್ರ ಸಣ್ಣ ನೊಣ ಭರ್ ಅಂತ ಏಳೂದು. ಒಂದು ದಿನ ಮಗಳು ಓಡಿ ಬಂದು "ಅವ್ವಾ, ಗಡಿಗಿ ಒಳಗ ಸಪ್ಪಳ ಆಗ್ಲಿಕ್ಕತ್ತದ" ಅಂದ್ಲು. ಕಿವಿ ಹಚ್ಚಿದ್ರ ಖರೇನ, ಹುರಿಯಕ್ಕಿ ಮ್ಯಾಲ ಹಾಲು ಸುರದಂಗ ಚಿಟಿಚಿಟಿ. ತಗದು ನೋಡಿದ್ರ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕಂದು ಬಣ್ಣದ, ಚಪ್ಪಟಿ ಹುಳ, ನೂರಾರು, ಹಿಂದಿನ ದಿನ ಹಾಕಿದ ಮಾವಿನ ಸಿಪ್ಪಿ ಅರ್ಧ ಮಾಯ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಮರಿ. ದೊಡ್ಡ ನೊಣ ಆದ ಮ್ಯಾಲ ಅದು ಕಚ್ಚೂದಿಲ್ಲ, ಮನಿ ನೊಣದಂಗ ಅನ್ನದ ಮ್ಯಾಲ ಕೂಡೂದಿಲ್ಲ, ಮರಿ ಇದ್ದಾಗ ಮಾತ್ರ ರಾತ್ರಿ ಹಗಲು ತಿಂತದ. ಔಷಧಿ ಹೊಡೀಬ್ಯಾಡ್ರಿ. ನಾವು ಪೇಪರ್ ಹರದು, ತತ್ತಿ ಟ್ರೇ ರಟ್ಟು ಸಣ್ಣಗ ಚೂರು ಮಾಡಿ ಹಾಕಿದ್ವಿ, ತೇವ ಹೀರ್ತು, ಎಂಟು ದಿನದಾಗ ಹುಳ ಕಡಿಮಿ ಆದ್ವು. ಮಗಳಿಗೆ ಅವುಗಳ ಮ್ಯಾಲ ಪ್ರೀತಿ ಹುಟ್ಟಿ ಈಗ ಕಲ್ಲಂಗಡಿ ತಿಂದ ಕೂಡಲೇ ಸಿಪ್ಪಿ ತಾನ ಹೆಚ್ಚಿ ಒಯ್ದು ಹಾಕ್ತಾಳ.

ಅತ್ತಿಯವರದ್ದು ಒಂದು ತಕರಾರಿತ್ತು, ಅದು ನನಗೂ ಸರಿ ಅನ್ನಿಸ್ತು. ದೇವರಿಗೆ ಏರಿಸಿದ ಹೂವು, ಪತ್ರಿ, ಗರಿಕಿ ಉಳ್ಳಾಗಡ್ಡಿ ಸಿಪ್ಪಿ ಜೊತಿ ಹಾಕೂದು ಬ್ಯಾಡ ಅಂತ. ಪುಣೆದಾಗ ಗಣಪತಿ ಮುಳುಗಿಸೋ ಘಾಟಿನ ಹತ್ರ ನಿರ್ಮಾಲ್ಯ ಕಲಶ ಇಟ್ಟಿರ್ತಾರ, ನದಿಗೆ ಬೀಳಬಾರದಂತ, ಆದ್ರ ದಿನದ ಪೂಜಿ ಹೂವು ಎಲ್ಲಿ ಒಯ್ಯೂದು? ಅದಕ್ಕ ಒಂದು ಹಳೇ ನೀರಿನ ಗಡಿಗಿ ಬ್ಯಾರೆ ಇಟ್ವಿ, ಅದರಾಗ ಬರೇ ನಿರ್ಮಾಲ್ಯ. ದಾರ ಬಿಡಿಸಿ ಹಾಕಬೇಕು, ಝೆಂಡು ಹೂವಿನ ಹಾರದಾಗ ಪ್ಲಾಸ್ಟಿಕ್ ಇದ್ರ ತೆಗೀಬೇಕು. ಆ ಮಣ್ಣು ತುಳಸಿಗೆ ಅಷ್ಟ, ಬ್ಯಾರೆ ಯಾವ ಕುಂಡಕ್ಕೂ ಇಲ್ಲ. ಈ ವ್ಯವಸ್ಥಾ ಮಾಡಿದ ಮ್ಯಾಲ ಅತ್ತಿ ಇದನ್ನ ತಮ್ಮ ಕೆಲಸ ಅಂತ ಹಿಡದ್ರು. ಮನ್ಯಾಗ ಹಿರಿಯರು ಒಪ್ಪದಿದ್ರ ಗಡಿಗಿ ತರಬ್ಯಾಡ್ರಿ, ಯಾಕಂದ್ರ ದಿನಾ ಹೆಚ್ಚು ಹೊತ್ತು ಅಡಿಗಿಮನ್ಯಾಗ ಇರಾವ್ರು ಅವರ.

ನಮ್ಮ ಬಿಲ್ಡಿಂಗಿಗೆ ಕಸಕ್ಕ ಬರೋ ಅಕ್ಕ 'ಸ್ವಚ್ಛ' ಸಹಕಾರಿ ಸಂಸ್ಥಾದವರು, ಅಕ್ಕಲಕೋಟ ಕಡೆಯವರು, ನಮ್ಮ ಜೊತಿ ಕನ್ನಡದಾಗ ಮಾತಾಡ್ತಾರ. ಕಸ ಆಯೋವ್ರದ್ದ ಸಂಸ್ಥಾ ಅದು, 1993ರಾಗ ಶುರುವಾದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಅನ್ನೋ ಅವರ ಸಂಘಟನಾದಿಂದ ಹುಟ್ಟಿದ್ದು, 2008ರಿಂದ ಮಹಾನಗರಪಾಲಿಕೆ ಜೊತಿ ಮನಿ ಮನಿ ಕಸ ಎತ್ತತಾರ. ಗಡಿಗಿ ಬಂದ ಎರಡು ವಾರಕ್ಕ ಅಕ್ಕ ಬಾಗಲಾ ಬಡದು ಕೇಳಿದ್ರು, "ಬಾಯಾರ, ನಿಮ್ಮ ಹಸಿ ಡಬ್ಬಿ ಖಾಲಿ ಅದಲ್ರಿ, ಊರಿಗೆ ಹೋಗಿದ್ರೇನು?" ಗ್ಯಾಲರಿಗೆ ಕರ್ಕೊಂಡು ಹೋಗಿ ತೋರಿಸಿದೆ, ಎಲ್ಲಾರೂ ಹಿಂಗ ಮಾಡಿದ್ರ ಮೆಟ್ಟಲಾ ಇಳಿಸೋ ಭಾರ ಅರ್ಧ ಆಗ್ತದ ಅಂದ್ರು. ಆ ಮಾತು ಕೇಳೂತನಕ ಆ ಬಕೆಟ್ ಒಬ್ಬರ ಸೊಂಟದ ಮ್ಯಾಲ ಹೋಗ್ತದ ಅನ್ನೋದು ನನ್ನ ತಲ್ಯಾಗ ಬಂದಿರ್ಲಿಲ್ಲ. ಅವರ ಕಡೆಯಿಂದ ಕಲತದ್ದು ಭಾಳ. ಹಾಲಿನ ಪಾಕೀಟಿನ ಮೂಲಿ ಪೂರ್ತಿ ಕತ್ತರಿಸಿ ಒಗೀಬ್ಯಾಡ್ರಿ, ಆ ಸಣ್ಣ ತುಂಡು ಯಾರ ಕೈಗೂ ಸಿಗೂದಿಲ್ಲ, ಜೋತು ಬಿಟ್ಟ ಕತ್ತರಿಸಿ, ತೊಳದು ಒಣಗಿಸಿ ಕೊಡ್ರಿ. ಒಣಾ ಕಸ ಮಾರಿದ ರೊಕ್ಕ ಅವರ ಗಳಿಕಿ, ಸಾರು ಬಿದ್ದು ತೊಯ್ದ ರಟ್ಟಿಗೆ ಬೆಲಿ ಬರೂದಿಲ್ಲ. ಸ್ಯಾನಿಟರಿ ಪ್ಯಾಡ್ ಇದ್ರ ಪೇಪರಿನಾಗ ಸುತ್ತಿ ಮ್ಯಾಲ ಕೆಂಪು ಚುಕ್ಕಿ ಇಡ್ರಿ, ಬಿಚ್ಚಿ ನೋಡೋ ಪಾಳಿ ಅವರಿಗೆ ಬರಬಾರದು. ಚಿಪ್ಸ್ ಪಾಕೀಟು, ಬಿಸ್ಕೀಟು ಪಾಕೀಟಿಗೆ ಭಂಗಾರದವರು, ಅಂದ್ರ ರದ್ದಿ ಸಾಮಾನು ಕೊಳ್ಳಾವ್ರು, ಒಂದು ಪೈಸಾ ಕೊಡೂದಿಲ್ಲಂತ, ಇದನ್ನ ಮಗ ಅವರ ಬಾಯಿಂದ ಕೇಳ್ಯಾನ, ಅದಾದ ಮ್ಯಾಲ ಶಾಲಿ ಡಬ್ಬಿಗೆ ಚಕ್ಕಲಿ ಚುರುಮುರಿ ಒಯ್ಯಲಿಕ್ಕತ್ಯಾನ.

ಪುಣೆ ಕಸ ವರ್ಷಾನುಗಟ್ಟಲೆ ಉರುಳಿ ದೇವಾಚಿ, ಫುರಸುಂಗಿ ಊರಿನ ಬಾಜೂಕ ಬಿದ್ದದ, ಅಲ್ಲಿಯ ಬಾವಿ ನೀರು ಕೆಟ್ಟು ಊರಿನವರು ಎಷ್ಟೋ ಸಲ ಕಸದ ಗಾಡಿ ತಡದು ನಿಂತಾರ. ನಮ್ಮ ಹಸಿ ಕಸ ಪ್ಲಾಸ್ಟಿಕ್ ಚೀಲದಾಗ ಗಂಟು ಕಟ್ಟಿ ಅಂಥಾ ಗುಡ್ಡಕ್ಕ ಹೋದ್ರ ಗಾಳಿ ಇಲ್ಲದ ಕೊಳತು ಮಿಥೇನ್ ಆಗ್ತದ, ಬೆಂಕಿನೂ ಬೀಳ್ತದ. ಅದಾ ಕಸ ಗ್ಯಾಲರಿಯಾಗ ಮಣ್ಣಾಗ್ತದ.

ಮಣ್ಣಿನ ಮಾತು ಬಂತಲ್ಲ. ಮೊದಲನೇ ಸಲ ಜರಡಿ ಹಿಡದಾಗ ಆರು ಕೆಜಿ ಬಂತು. ಕಪ್ಪಗ, ಪುಡಿಪುಡಿ, ಚಹಾ ಪುಡಿಗಿಂತ ಸ್ವಲ್ಪ ದಪ್ಪ, ಮೂಗಿನ ಹತ್ರ ಹಿಡದ್ರ ನಮ್ಮೂರಿನ ಹೊಲದ ಮೊದಲ ಮಳಿ ವಾಸನಿ. ಅತ್ತಿ ಒಂದು ಮುಷ್ಟಿ ಹಿಡಕೊಂಡು ಎಷ್ಟೋ ಹೊತ್ತು ನಿಂತಿದ್ರು, ಮಾವನವರು ಇದ್ದಾಗ ತಿಪ್ಪಿ ಗೊಬ್ಬರ ಹಿಂಗ ಇರ್ತಿತ್ತು ಅಂದ್ರು. ಮೂರು ವರ್ಷದಿಂದ ಎಂಟು ಎಲಿ ಬಿಟ್ಟು ನಿಂತಿದ್ದ ಕರಿಬೇವು ಈಗ ವಗ್ಗರಣಿಗೆ ಸಾಲೋವಷ್ಟು ಚಿಗುರ್ತದ. ಜರಡಿ ಮ್ಯಾಲ ಉಳಿಯೋ ಮಾವಿನ ಗೊಪ್ಪ, ತೆಂಗಿನ ನಾರು ಮತ್ತ ಮ್ಯಾಲಿನ ಗಡಿಗಿಗೆ.

ಇನ್ನ ಕಡಿಮಿ ಆದ ಒಂದು ಸ್ಟಾರ್. ಮುಚ್ಚಳಕ್ಕ ಹಿಡಿ ಸಣ್ಣದು, ಒದ್ದಿ ಕೈಯಿಂದ ಜಾರ್ತದ, ನಮ್ಮ ಅತ್ತಿಯಂಥಾ 70 ದಾಟಿದವರಿಗೆ ಎತ್ತೂದು ಕಷ್ಟ. ನಾವು ಅದಕ್ಕ ಹಗ್ಗದ ಬಳಿ ಕಟ್ಟೀವಿ. ತುಂಬಿದ ಗಡಿಗಿ ಅದಲ ಬದಲ ಮಾಡಲಿಕ್ಕೆ ಇಬ್ಬರು ಬೇಕ ಬೇಕು, ಒಬ್ಬರ ಇರೋ ಮನಿಗೆ ಇದು ಹೊಂದೂದಿಲ್ಲ. ಹಗ್ಗದ ಜಾಳಿಗಿ ಹತ್ತು ತಿಂಗಳಿಗೆ ಕೊಳತು ಹರೀತು, ನೈಲಾನ್ ಹಗ್ಗದಿಂದ ನಾವ ಹೆಣದ್ವಿ. ಮತ್ತ ಜೊತಿ ಕೊಡೋ ಪುಸ್ತಕದಾಗ ಮಳಿಗಾಲದ ಬಗ್ಗೆ ಎರಡ ಸಾಲು, ಪುಣೆ ಮುಂಬೈ ಮಂದಿಗೆ ಅದ ದೊಡ್ಡ ಅಧ್ಯಾಯ ಇರಬೇಕಿತ್ತು. ಉಳಿದ ಅನ್ನ ಸಾರು ಹಾಕಬಹುದು ಅಂತ ಬರದಾರ, ನಾವು ಹಾಕಿ ನೋಡೀವಿ, ಎಣ್ಣಿ ಇದ್ದದ್ದು ಹಾಕಿದ್ರ ವಾಸನಿ, ಹಂಗಾಗಿ ಹಾಕೂದು ಬಿಟ್ವಿ, ಅದಕ್ಕಿಂತ ಅನ್ನ ಉಳಿಯದಂಗ ಅಳದು ಇಡೂದು ಕಲತೀವಿ. ಕೊತಂಬರಿ ಎರಡು ಕಟ್ಟು ತಂದು ಒಂದು ಕೊಳತು ಗಡಿಗಿಗೆ ಹಾಕಿದಾಗ ಮನಸ್ಸಿಗೆ ಹತ್ತತದ, ಡಸ್ಟ್‌ಬಿನ್ನಿಗೆ ಒಗದಾಗ ಹತ್ತತಿರ್ಲಿಲ್ಲ. ಈಗ ದಿನದ ಹಸಿ ಕಸ ತೂಗಿದ್ರ 650 ಗ್ರಾಂ ಆಸುಪಾಸು ಬರ್ತದ.

ಹಡಪಸರದಾಗ ಇರೋ ನಮ್ಮ ನಾದಿನಿ ಹೋದ ವಾರ ಬಂದು ನೋಡಿ ತಾನೂ ತರಸ್ತೀನಿ ಅಂದ್ಲು. ಈಗ ಎಲಿ ಉದುರೋ ಹೊತ್ತು, ಮೊದಲ ಚೀಲ ತುಂಬಿಸ್ಕೋ, ಗಡಿಗಿ ಆಮ್ಯಾಲ ಅಂದೆ. ಹೋಗೂಮುಂದ ನಮ್ಮ ಐದು ಚೀಲದಾಗ ಒಂದು ಆಟೋದಾಗ ಇಟ್ಟು ಕಳಿಸೀನಿ.