ಕುಡಿತ ಬಿಡಲು ಎಎ ಸಭೆಗಳು: ನಾಲ್ಕು ವರ್ಷ ಹೋದ ಮೇಲೆ

ಮೊದಲ ಆರು ವಾರ ನಾನು ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ), ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘದ ಸಭೆಗೆ ಹೋದದ್ದು ಹೀಗೆ: ಸರಿಯಾಗಿ ಶುರುವಾಗುವ ಹೊತ್ತಿಗೆ ಒಳಗೆ, ಬಾಗಿಲ ಪಕ್ಕದ ಕುರ್ಚಿ, ಮುಗಿದ ಕೂಡಲೇ ಹೊರಗೆ. ಯಾರ ಜೊತೆಗೂ ಮಾತಿಲ್ಲ. ಏಳನೇ ವಾರ ಮತ್ತೆ ಕುಡಿದೆ. ಇದು ನನಗೆ ಆಗುವಂಥದ್ದಲ್ಲ ಅಂತ ಬಿಟ್ಟುಬಿಡುವವನಿದ್ದೆ. ಸುಮ್ನೆ ಇನ್ನೊಂದು ಸಲ ನೋಡೋಣ ಅಂತ ಹೋದೆ. ಅವತ್ತು ಹಿರಿಯರೊಬ್ಬರು ಹೊರಡುವಾಗ ತಡೆದು, ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು. "ಕುಡಿದ ಮೇಲೆ ಅಲ್ಲ, ಕುಡಿಯುವ ಮುಂಚೆ ಮಾಡಿ" ಅಂದರು. ನನ್ನ ಅನುಭವದಲ್ಲಿ ಈ ಸಭೆಗಳ ಅರ್ಧ ಬೆಲೆ ಆ ಚೀಟಿಯಲ್ಲಿದೆ.

ಎಎ ಹುಟ್ಟಿದ್ದೇ ಹಾಗೆ. 1935ರಲ್ಲಿ ಬಿಲ್ ವಿಲ್ಸನ್ ವ್ಯವಹಾರದ ಕೆಲಸಕ್ಕೆ ಅಮೆರಿಕದ ಆಕ್ರನ್ ಊರಿಗೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಕೆಲಸ ಕೆಟ್ಟಿತು, ಮತ್ತೆ ಕುಡಿಯುವ ಆಸೆ ಬಂತು. ಹೋಟೆಲಿನಿಂದ ಒಂದಾದ ಮೇಲೊಂದು ಫೋನ್ ಮಾಡಿ, ಕುಡಿತದಿಂದ ನರಳುವ ಇನ್ನೊಬ್ಬರನ್ನು ಹುಡುಕಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಇಬ್ಬರೂ ಸೇರಿ ಎಎ ಶುರು ಮಾಡಿದರು. ಉಪದೇಶ ಮಾಡುವವರು ಬೇಕಿರಲಿಲ್ಲ. ಅದೇ ಕಷ್ಟ ಪಟ್ಟವರು ಬೇಕಿತ್ತು.

ಸಭೆ ಹುಡುಕುವುದು ಕಷ್ಟವಲ್ಲ. ಎಎ ವೆಬ್‌ಸೈಟಿನಲ್ಲಿ, ಸಹಾಯವಾಣಿಯಲ್ಲಿ ದಿನ, ಸಮಯ, ಜಾಗ ಸಿಗುತ್ತದೆ. ಆದರೆ ಹೊರಡುವ ಮುಂಚೆ ಒಮ್ಮೆ ಕೇಳಿಕೊಳ್ಳಿ. ಒಂದು ಗುಂಪು ಜಾಗ ಬದಲಿಸಿದ್ದು ಪಟ್ಟಿಯಲ್ಲಿ ಬಂದಿರಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ನಿಂತಾಗ ನನಗೆ ಅನಿಸಿದ್ದು, ವಾಪಸ್ ಹೋಗುತ್ತಾ ಕುಡಿಯೋಣ ಅಂತ. ಧೈರ್ಯ ಮಾಡಿ ಬಂದವರಿಗೆ ಇದು ಸಣ್ಣ ತೊಂದರೆಯಲ್ಲ. 'ಮುಚ್ಚಿದ' ಸಭೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. 'ತೆರೆದ' ಸಭೆಗೆ ಮನೆಯವರು, ಗೆಳೆಯರು ಯಾರು ಬೇಕಾದರೂ ಬರಬಹುದು. ಹೆಂಗಸರದ್ದೇ ಗುಂಪುಗಳಿವೆ, ಆನ್‌ಲೈನ್ ಸಭೆಗಳೂ ಇವೆ. ಸಮಯ ಆರಿಸುವಾಗ ನಾನು ನೋಡಿದ್ದು ಒಂದೇ: ನಾನು ದಿನಾ ಕುಡಿಯಲು ಕೂರುತ್ತಿದ್ದ ಹೊತ್ತು ಯಾವುದು?

ಒಳಗೆ ಹೆದರುವಂಥದ್ದು ಏನೂ ಇಲ್ಲ. ಒಂದು ಗಂಟೆ, ಕೆಲವೊಮ್ಮೆ ಒಂದೂವರೆ. ಮನೆತನದ ಹೆಸರು, ವಿಳಾಸ, ಕೆಲಸ ಯಾವುದನ್ನೂ ಕೇಳುವುದಿಲ್ಲ. ಶುಲ್ಕವಿಲ್ಲ. ಕಾಣಿಕೆಯ ಬುಟ್ಟಿ ಕೈಯಿಂದ ಕೈಗೆ ಬರುತ್ತದೆ, ಏನೂ ಹಾಕದೆ ಮುಂದಕ್ಕೆ ಕಳಿಸಬಹುದು. ಸದಸ್ಯರಾಗಲು ಬೇಕಿರುವುದು ಕುಡಿತ ಬಿಡುವ ಆಸೆ ಒಂದೇ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. "ಇವತ್ತು ಕೇಳುತ್ತೇನಷ್ಟೇ" ಅಂದರೆ ಒತ್ತಾಯ ಮಾಡುವುದಿಲ್ಲ. ನಾನು ಹೋದ ಗುಂಪುಗಳಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ವರ್ಷಗಟ್ಟಲೆ ಎಲ್ಲರಿಂದ ಬುದ್ಧಿಮಾತು ಕೇಳಿ ಸಾಕಾಗಿದ್ದ ನನಗೆ ಇದು ಎಷ್ಟು ಹಗುರ ಅನಿಸಿತು ಅಂತ ಹೇಳಲು ಬರುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಶುರುವಾಗಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರ್, ಜೊತೆಗೆ ಸಭೆ. ಒಂದು ಗುಂಪಿನಲ್ಲಿ ಒಬ್ಬರು, ಡಾಕ್ಟರ್ ಕೊಟ್ಟ ಮಾತ್ರೆ ತೆಗೆದುಕೊಂಡರೆ ಕುಡಿತ ಬಿಟ್ಟ ಹಾಗಲ್ಲ ಅಂದರು. ಅದು ತಪ್ಪು. ಸದಸ್ಯರು ಡಾಕ್ಟರ್ ಕೆಲಸ ಮಾಡಬಾರದು ಅಂತ ಎಎ ತಾನೇ ತನ್ನ ಪ್ರಕಟಣೆಯಲ್ಲಿ ಹೇಳಿದೆ. ನಾನು ಆ ಗುಂಪು ಬಿಟ್ಟೆ, ಎಎ ಬಿಡಲಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ನನಗೆ ಹೊಂದಿದ್ದು ನಾಲ್ಕನೆಯದು.

ದೇವರ ಮಾತು ನನಗೂ ತೊಡಕಾಗಿತ್ತು. ಕುಡಿತ ಬಿಡಲು ಎಎ ಹಾಕಿಕೊಟ್ಟ ದಾರಿಯಾದ ಹನ್ನೆರಡು ಹೆಜ್ಜೆಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. 'ನಾವು ಅರಿತುಕೊಂಡಂಥ ದೇವರು' ಅಂತ ಜಾಗ ಬಿಟ್ಟಿದ್ದಾರೆ ನಿಜ, ಆದರೂ ಎಲ್ಲರಿಗೂ ಒಗ್ಗುವುದಿಲ್ಲ. ನನ್ನ ಮಟ್ಟಿಗೆ ಆ ಕೋಣೆಯ ಜನರೇ ನನಗಿಂತ ದೊಡ್ಡ ಶಕ್ತಿ. ಅದೂ ಆಗದಿದ್ದರೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಸಂಸ್ಥೆಯ ಸಭೆಗಳಿವೆ, 1994ರಿಂದ ನಡೆಯುತ್ತಿವೆ. ಅಲ್ಲಿ ದೇವರ ವಿಷಯವಿಲ್ಲ. ಯೋಚನೆಯ ದಾರಿ ಬದಲಿಸುವ ಅಭ್ಯಾಸಗಳಿವೆ. ಅಲ್ಲಿಗೆ ಹೋಗುವುದು ಸೋಲು ಅಲ್ಲ.

ಕೆಲಸ ಮಾಡುತ್ತದಾ ಅಂತ ಕೇಳುವವರಿಗೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು ನೋಡಿತ್ತು. ಜನರನ್ನು ಎಎಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲು ಅಂತ ಕಂಡಿತು. ನನ್ನ ಲೆಕ್ಕ ಬೇರೆ. ಆ ಚೀಟಿಯ ನಂಬರಿಗೆ ಮೊದಲ ವರ್ಷ ಬಹುಶಃ ಇನ್ನೂರು ಸಲ ಫೋನ್ ಮಾಡಿದ್ದೇನೆ. ಒಮ್ಮೆ ರಾತ್ರಿ ಎರಡು ಗಂಟೆಗೆ. ಅವರು "ಊಟ ಮಾಡಿದ್ರಾ?" ಅಂತ ಕೇಳಿದರು. ಮಾಡಿರಲಿಲ್ಲ. "ಮೊದಲು ಏನಾದರೂ ತಿನ್ನಿ, ನಾನು ಲೈನಿನಲ್ಲೇ ಇರ್ತೀನಿ" ಅಂದರು. ಇದ್ದರು.

ನನ್ನ ಹೆಂಡತಿ ಈಗ ಕುಟುಂಬದವರಿಗಾಗಿ ಇರುವ ಅಲ್-ಅನಾನ್ ಸಭೆಗೆ ಹೋಗುತ್ತಾಳೆ. ಅಲ್ಲಿ ಏನು ಹೇಳಿದೆ ಅಂತ ನಾನು ಕೇಳುವುದಿಲ್ಲ. ನನ್ನ ಸಭೆಯ ಮಾತನ್ನು ಅವಳೂ ಕೇಳುವುದಿಲ್ಲ. ಇಬ್ಬರೂ ಒಟ್ಟಿಗೆ ಹೊರಡುತ್ತೇವೆ.