ಒಂದು ಬ್ಯಾಂಡಾ, ಎರಡು ಬ್ಯಾಂಡಾ: ಲೊಕೇಶನ್‌ಗೆ ಯಾವ ಫೋನ್?

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ಹತ್ತಿರ ನಿಂತು ಮ್ಯಾಪ್ ತೆಗೆದೆ. ಹಳೇ ಫೋನಿನ ನೀಲಿ ಚುಕ್ಕೆ ಬಂಡೆಯ ಆಚೆಗೆ ಹೋಗಿ ಕೂತಿತ್ತು. ಉಪಗ್ರಹದ ಸಿಗ್ನಲ್ ನೇರವಾಗಿ ಬರೋದರ ಜೊತೆಗೆ ಬಂಡೆಗೆ ಬಡಿದು ಸ್ವಲ್ಪ ತಡವಾಗಿಯೂ ಬರುತ್ತದೆ, ಎರಡೂ ಕಲೆತುಬಿಟ್ಟರೆ ದೂರದ ಲೆಕ್ಕವೇ ತಪ್ಪುತ್ತದೆ.

ಉಪಗ್ರಹಗಳು ಸಿಗ್ನಲ್ ಕಳಿಸುವ ರೇಡಿಯೋ ತರಂಗದ ಪಟ್ಟಿಗೇ ಬ್ಯಾಂಡ್ ಅನ್ನೋದು. ಎಲ್1 ಅನ್ನೋ ಬ್ಯಾಂಡ್ ಮಾತ್ರ ಇರುವ ಫೋನ್ 1575.42 ಮೆಗಾಹರ್ಟ್ಸ್ ಒಂದನ್ನೇ ಕೇಳುತ್ತದೆ. ದಾವಣಗೆರೆಯಲ್ಲಿ ವಿಳಾಸ ಹುಡುಕೋಕೆ ಇಷ್ಟು ಸಾಕು, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.

ಎಲ್5 ಅನ್ನೋ ಎರಡನೇ ಬ್ಯಾಂಡ್ ಕೂಡ ಇದ್ದರೆ 1176.45 ಮೆಗಾಹರ್ಟ್ಸ್ ಸಿಗ್ನಲ್ಲೂ ಸಿಗುತ್ತದೆ. ಇದರ ಕೋಡ್ (ಸಮಯ ಅಳೆಯೋಕೆ ಸಿಗ್ನಲ್‌ನಲ್ಲಿ ಬರುವ ಗುರುತಿನ ಸರಣಿ) ಜಿಪಿಎಸ್‌ನ ಹಳೇ ಎಲ್1 ಕೋಡ್‌ಗಿಂತ ಹತ್ತು ಪಟ್ಟು ವೇಗ, ಹಾಗಾಗಿ ನೇರ ಬಂದದ್ದು ಯಾವುದು, ಬಂಡೆಗೆ ಬಡಿದು ಬಂದದ್ದು ಯಾವುದು ಅಂತ ಬೇರೆ ಮಾಡೋದು ಚಿಪ್‌ಗೆ ಸುಲಭ. ಎರಡು ಬ್ಯಾಂಡ್ ಹೋಲಿಸಿ ವಾತಾವರಣದ ಮೇಲ್ಪದರದಲ್ಲಿ ಆಗುವ ವಿಳಂಬವನ್ನೂ ಕಳೆಯಬಹುದು. ಸ್ಥಳ ತಿಳಿಸೋಕೆ ಇರುವ ನಮ್ಮ ಭಾರತದ್ದೇ ನಾವಿಕ್ ಉಪಗ್ರಹಗಳೂ ಇದೇ ಎಲ್5ನಲ್ಲಿ ಸಿಗ್ನಲ್ ಕಳಿಸುತ್ತವೆ, ಖುಷಿಯ ವಿಷಯ ಅಲ್ವಾ? ಆದರೆ ಜಿಪಿಎಸ್‌ನ ಹಳೇ ಉಪಗ್ರಹಗಳಲ್ಲಿ ಎಲ್5 ಇಲ್ಲ.

ಕೋಟೆ, ಗುಡ್ಡ ಸುತ್ತುವವರು ಎರಡು ಬ್ಯಾಂಡಿನದ್ದೇ ತಗೊಳ್ಳಿ. ಹೊಲದ ಗಡಿ ಗುರುತಿಸೋಕೆ ಎರಡೂ ಸಾಲದು, ಸರ್ವೆಯವರನ್ನೇ ಕರೆಸಿ. ಕೊಳ್ಳುವ ಮುಂಚೆ ಫೋನಿನ ವಿವರದಲ್ಲಿ ಎಲ್5 ಅಂತ ಬರೆದಿದೆಯಾ ನೋಡಿ.