ತೋಳಿನೊಳಗಿನ ಗರ್ಭನಿರೋಧಕ ಕಡ್ಡಿ: ಮೂರು ವರ್ಷ ಬಳಸಿದ ಮೇಲೆ

18ನೇ ವಯಸ್ಸಿನಲ್ಲಿ ಗರ್ಭಿಣಿಯಾದಾಗ ನಾನು ಗರ್ಭನಿರೋಧಕ ಮಾತ್ರೆಯನ್ನು ಬಳಸುತ್ತಲೇ ಇದ್ದೆನೆಂದರೆ ಅನೇಕರು ನಂಬುವುದಿಲ್ಲ. ಮನೆಯವರ ಕಣ್ಣಿಗೆ ಬೀಳದಂತೆ ಪುಸ್ತಕದ ಚೀಲದಲ್ಲಿ ಬಚ್ಚಿಟ್ಟ ಮಾತ್ರೆಯನ್ನು ದಿನವೂ ತಪ್ಪದೆ ನುಂಗುವುದು ನನ್ನಿಂದಾಗಲಿಲ್ಲ. ಒಂದು ದಿನವೂ ಬಿಡದೆ ತೆಗೆದುಕೊಂಡರೆ ವರ್ಷಕ್ಕೆ 1000 ಮಹಿಳೆಯರಲ್ಲಿ ಸುಮಾರು 3 ಮಂದಿಯಷ್ಟೇ ಗರ್ಭ ಧರಿಸುತ್ತಾರೆ. ಜನರು ನಿಜವಾಗಿ ಬಳಸುವ ರೀತಿಯನ್ನು ಲೆಕ್ಕಕ್ಕೆ ಹಿಡಿದರೆ ಅದು 70ರ ಆಸುಪಾಸಿಗೆ ಏರುತ್ತದೆ. ಹೆರಿಗೆಯ ನಂತರ ನಾನು ಇಂಪ್ಲಾಂಟ್ ಹಾಕಿಸಿಕೊಂಡೆ.

ಇದು 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ, ಬಾಗಬಲ್ಲ ಕಡ್ಡಿ. ತೋಳಿನ ಒಳಭಾಗವನ್ನು ಮರಗಟ್ಟಿಸಿ ಚರ್ಮದ ಕೆಳಗೆ ಸೇರಿಸುತ್ತಾರೆ; ಅದರಿಂದ ನಿಧಾನವಾಗಿ ಒಸರುವ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತದೆ. ಗರ್ಭ ನಿಲ್ಲುವ ಸಾಧ್ಯತೆ ವರ್ಷಕ್ಕೆ 1000ದಲ್ಲಿ ಒಬ್ಬರಿಗಿಂತಲೂ ಕಡಿಮೆ. ಬೆರಳಿನಿಂದ ಸವರಿದರೆ ಕಡ್ಡಿ ಕೈಗೆ ತಗಲುತ್ತದೆ. ಮೊದಲ ತಿಂಗಳುಗಳಲ್ಲಿ ರಾತ್ರಿ ಮಲಗುವ ಮುನ್ನ ಅದನ್ನೊಮ್ಮೆ ಮುಟ್ಟಿ ನೋಡಿಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಕೊರತೆಯನ್ನೂ ಹೇಳಬೇಕು. ಐದು ತಿಂಗಳ ಕಾಲ ನನಗೆ ಹೊತ್ತುಗೊತ್ತಿಲ್ಲದೆ ರಕ್ತಸ್ರಾವವಾಗುತ್ತಿತ್ತು. ಇದು ಸಾಮಾನ್ಯವೆಂದು ಹಾಕಿದವರು ಮೊದಲೇ ತಿಳಿಸಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಲೈಂಗಿಕ ಸೋಂಕುಗಳನ್ನು ಇದು ತಡೆಯುವುದಿಲ್ಲವಾದ್ದರಿಂದ ಕಾಂಡೋಮ್ ಬೇಕೇ ಬೇಕು.

ಹದಿಹರೆಯದ ಬಸಿರು ಇಂದಿನ ಕಾಲದ ಕೇಡೆಂದು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಅಮೆರಿಕದಲ್ಲಿ 15ರಿಂದ 19 ವರ್ಷದವರ ಹೆರಿಗೆ ಪ್ರಮಾಣ ಉತ್ತುಂಗಕ್ಕೇರಿದ್ದು 1957ರಲ್ಲಿ, 1000ಕ್ಕೆ 96ರಷ್ಟು. ಆ ತಾಯಂದಿರಲ್ಲಿ ಬಹುಪಾಲು ಮದುವೆಯಾದವರೇ ಆಗಿದ್ದುದರಿಂದ ಯಾರೂ ಅದನ್ನು ಕೇಡೆನ್ನಲಿಲ್ಲ. 1960ರಲ್ಲಿ ಅಲ್ಲಿ ಮಾತ್ರೆಗೆ ಒಪ್ಪಿಗೆ ದೊರೆತರೂ, ಅವಿವಾಹಿತರಿಗೂ ಗರ್ಭನಿರೋಧಕ ಪಡೆಯುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1972ರಲ್ಲಿ. ಅಷ್ಟರಲ್ಲಿ ಲಂಡನ್ನಿನಲ್ಲಿ ಹೆಲೆನ್ ಬ್ರೂಕ್ ಅವಿವಾಹಿತ ಯುವಜನರಿಗೆಂದೇ 1964ರಲ್ಲಿ ಸಲಹಾ ಕೇಂದ್ರ ತೆರೆದಿದ್ದರು.

ಈ ಕಡ್ಡಿಗೂ ಒಂದು ಕಹಿ ಪೂರ್ವಕಥೆಯಿದೆ. ಇದರ ಹಿರಿಯಕ್ಕನಂತಿದ್ದ ನಾರ್‌ಪ್ಲಾಂಟ್‌ನಲ್ಲಿ ಆರು ಕಡ್ಡಿಗಳಿದ್ದವು; ತೆಗೆಸುವಾಗ ಎಷ್ಟೋ ಹೆಂಗಸರು ನೋವುಂಡರು. 1990ರ ಡಿಸೆಂಬರ್‌ನಲ್ಲಿ ಅಮೆರಿಕ ಅದನ್ನು ಒಪ್ಪಿದ ಕೆಲವೇ ವಾರಗಳಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಅಪರಾಧಿ ಮಹಿಳೆಯೊಬ್ಬರಿಗೆ ಅದನ್ನು ಹಾಕಿಸಿಕೊಳ್ಳಬೇಕೆಂದು ಆದೇಶಿಸಿದರು. ಆದ್ದರಿಂದಲೇ, ಬೇಡವೆಂದ ದಿನ ಮರುಮಾತಿಲ್ಲದೆ ತೆಗೆಯುವ ಕಡೆ ಮಾತ್ರ ಇದನ್ನು ಹಾಕಿಸಿಕೊಳ್ಳಿ ಎಂಬುದು ನನ್ನ ಕಳಕಳಿಯ ಮಾತು.

ಅವಧಿ ಮುಗಿದ ದಿನ ವೈದ್ಯೆಯೊಬ್ಬರು ಕೆಲವೇ ಮಿಲಿಮೀಟರ್ ಚರ್ಮ ಸೀಳಿ, ಕಡ್ಡಿಯ ತುದಿಯನ್ನು ಚಿಮಟದಿಂದ ಹಿಡಿದು ಹೊರತೆಗೆದು, ಪೂರ್ತಿ ಬಂದಿದೆಯೆಂದು ಹತ್ತಿಬಟ್ಟೆಯ ಮೇಲಿಟ್ಟು ತೋರಿಸಿದರು. ಹೊಸದನ್ನು ಹಾಕಲೇ ಎಂದು ಕೇಳಿ, ನಾನು ಯೋಚಿಸಿ ಉತ್ತರಿಸುವವರೆಗೂ ಸುಮ್ಮನೆ ಕಾದರು. ಹಾಕಿ ಎಂದೆ.